ಮೊದಲು ಯಾರ ಬಾಗಿಲು ತಟ್ಟಬೇಕು?

ಕ್ರಿಸ್‌ಮಸ್ ಮುಗಿದು ಹತ್ತು ದಿನವಾಗಿತ್ತು. ಕೌತಾಳಂ ಕಡೆಯ ಹಳ್ಳಿಯಿಂದ ನನ್ನ ಹತ್ತಿರ ಓದಿದ್ದ ಹುಡುಗಿಯೊಬ್ಬಳು ಮಗನನ್ನು ಕರೆದುಕೊಂಡು ಆದೋನಿಯ ನಮ್ಮ ಮನೆಗೆ ಬಂದಳು. ಹುಡುಗಿ ಅಂದೆ, ಈಗ ಆಕೆಗೆ ಮೂವತ್ತು ದಾಟಿದೆ. ಮಗ ಆರನೇ ಕ್ಲಾಸು. ಅವನ ತಗಡಿನ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ಇಳಿಸಿ, ನೀರು ಕುಡಿದು, ಸುತ್ತಿ ಬಳಸದೆ ಕೇಳಿದಳು.

"ಸಾರ್, ಸೋಮವಾರ ನಾವು ಗುಂಟೂರಿಗೆ ಹೊಂಟೀವಿ, ಮೆಣಸಿನಕಾಯಿ ಬಿಡಿಸಾಕ. ಇವನ್ನ ಮತ್ತ ಹಾಸ್ಟೆಲ್‌ನಾಗ ಬಿಟ್ಟು ಹೋಗ್ಬೇಕು. ಟಿವಿನಾಗ ಏನೇನೋ ತೋರಸ್ತಾರ. ಅಂಥಾದ್ದೇನಾರ ಆದ್ರ ನಾವು ಯಾರಿಗೆ ಹೇಳ್ಬೇಕ್ರಿ? ಅಯ್ಯಗಾರಿಗೇ ಹೇಳ್ಬೇಕೇನು?"

ಈ ಅಂಕಣಕ್ಕೆ ಬರುವ ಪತ್ರಗಳಲ್ಲೂ ಫೋನುಗಳಲ್ಲೂ ಇದೇ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇದೆ. ಫಾದರ್ ಮೇಲೆ, ಪಾಸ್ಟರ್ ಮೇಲೆ, ಮಠದ ಅಯ್ಯನವರ ಮೇಲೆ ಮಗು ಏನಾದರೂ ಹೇಳಿದರೆ ನಾವು ಎಲ್ಲಿಗೆ ಹೋಗಬೇಕು? ಕೋಸಿಗಿ, ಕೌತಾಳಂ, ಹೊಳಗುಂದ, ಪೆದ್ದಕಡಬೂರು, ಆಲೂರು ಕಡೆಯವರಿಗೆ ಇದು ಊಹೆಯ ಪ್ರಶ್ನೆ ಅಲ್ಲ. ಮಳೆ ಕೈಕೊಟ್ಟ ವರ್ಷ ಊರಿಗೆ ಊರೇ ಗುಳೆ ಹೋಗುತ್ತದೆ. ಮನೆಗೆ ಬೀಗ ಬೀಳುತ್ತದೆ. ಉಳಿಯುವವರು ಮುದುಕರು ಮತ್ತು ಮಕ್ಕಳು. ಅಜ್ಜಿ ಇಲ್ಲದ ಮನೆಯ ಮಗುವಿಗೆ ಹಾಸ್ಟೆಲ್ಲೇ ಗತಿ. ನಾಲ್ಕು ತಿಂಗಳು ಅಪ್ಪ ಅವ್ವ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಇರುತ್ತಾರೆ. ಇತ್ತ ಮಗುವಿನ ಊಟ, ಪಾಠ, ನಿದ್ದೆ ಎಲ್ಲವೂ ಬೇರೊಬ್ಬರ ಕೈಯಲ್ಲಿ.

ಪಾದ್ರಿಯನ್ನು ನಮ್ಮ ಕಡೆ ಅಯ್ಯಗಾರು ಎನ್ನುತ್ತಾರೆ. "ಅಯ್ಯಗಾರಿಗೇ ಹೇಳ್ಬೇಕೇನು" ಎಂದು ಆಕೆ ಕೇಳಿದ್ದರ ಹಿಂದೆ ಒಂದು ಚರಿತ್ರೆ ಇದೆ. ಅದನ್ನು ಹಗುರವಾಗಿ ನೋಡಬಾರದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸ ಅಲ್ಲೇ ನಡೆಯಿತು. ಆಗ ನಾವೆಲ್ಲ ಬಳ್ಳಾರಿ ಜಿಲ್ಲೆಯವರೇ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು, ಬಳ್ಳಾರಿ ಮೈಸೂರಿಗೆ ಹೋಯಿತು. ಗಡಿ ಬದಲಾದರೂ ಚರ್ಚು, ಮಿಷನ್ ಶಾಲೆ, ಮಿಷನ್ ಆಸ್ಪತ್ರೆಗಳೊಂದಿಗೆ ಬಡವರಿಗಿದ್ದ ನಂಟು ಬದಲಾಗಲಿಲ್ಲ. ಮಾದಿಗರ ಕೇರಿಯ ಎಷ್ಟೋ ಮನೆಗಳಲ್ಲಿ ಮಂಚದ ಮೇಲೆ ಕೂತು, ಅವರ ತಟ್ಟೆಯಲ್ಲೇ ಉಂಡ ಮೊದಲ ಹೊರಗಿನ ಮನುಷ್ಯ ಪಾದ್ರಿ. ಹೆಸರು ಹಿಡಿದು, "ಅಪ್ಪಾ" ಎಂದು ಕರೆದವನೂ ಅವನೇ. ಅಂಥವನ ಮೇಲೆ ದೂರು ಕೊಡುವುದೆಂದರೆ ತಮ್ಮ ಮಾನಕ್ಕೆ ತಾವೇ ಕಲ್ಲು ಹೊಡೆದುಕೊಂಡ ಹಾಗೆ ಎಂದು ಆ ಮನೆಯವರಿಗೆ ಅನ್ನಿಸುತ್ತದೆ. ಹೊರಗಿನವರ ಬಾಯಿಗೆ ನಮ್ಮ ಸಭೆ ಬೀಳುತ್ತದೆ, ಮತಾಂತರದ ಗಲಾಟೆಗೆ ಇದನ್ನೇ ನೆಪ ಮಾಡುತ್ತಾರೆ ಎಂಬ ಭಯವೂ ಇದೆ. ಆ ಭಯ ಸುಳ್ಳಲ್ಲ. ಆದರೆ ಅದರ ಭಾರವನ್ನು ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಹೊರಿಸುವುದನ್ನು ನಾನು ಒಪ್ಪಲಾರೆ.

ನಾನು ಇಷ್ಟು ಖಡಾಖಂಡಿತವಾಗಿ ಹೇಳಲು ಒಂದು ಕಾರಣವಿದೆ. ಮೂವತ್ತು ವರ್ಷದ ಹಿಂದೆ ನಾನು ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮೇಷ್ಟ್ರು. ನನ್ನ ಹತ್ತಿರ ಐದನೇ ಕ್ಲಾಸು ಮುಗಿಸಿ ಹಾಸ್ಟೆಲ್ ಸೇರಿದ್ದ ಹುಡುಗನೊಬ್ಬ ದಸರಾ ರಜೆಗೆ ಊರಿಗೆ ಬಂದವನು ವಾಪಸ್ ಹೋಗುವುದಿಲ್ಲ ಎಂದು ಹಟ ಹಿಡಿದ. ಅವರಪ್ಪ ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿದ. ಹುಡುಗ ಪೆಟ್ಟಿಗೆಯ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ. ಮಾತಾಡುವಾಗಲೆಲ್ಲ ಅಂಗಿಯ ಮೇಲಿಂದಲೇ ಆ ಕೀಲಿಯನ್ನು ಹಿಡಿದುಕೊಳ್ಳುತ್ತಿದ್ದ. ಯಾಕೆ ಹೋಗಲ್ಲ ಅಂದರೆ ಹೇಳಿದ್ದು ಒಂದೇ ಮಾತು: "ರಾತ್ರಿ ಲೈಟ್ ತೆಗಿತಾರ ಸಾರ್." ನಾನು ಅವನ ಬೆನ್ನು ತಟ್ಟಿ, "ಗಂಡುಮಗ ಕತ್ತಲಿಗೆ ಹೆದರ್ತಾನೇನೋ" ಎಂದು ಧೈರ್ಯ ಹೇಳಿ ಬಸ್ಸು ಹತ್ತಿಸಿದೆ. ಲೈಟು ತೆಗೆಯುವವರು ಯಾರು, ಆಮೇಲೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಹುಡುಗ ಮುಂದಿನ ವರ್ಷ ಶಾಲೆ ಬಿಟ್ಟ. ಆಮೇಲೆ ಊರನ್ನೂ ಬಿಟ್ಟ. ಆ ಒಂದು ಮಾತನ್ನು ಅವನು ಎಷ್ಟು ರಾತ್ರಿ ಕೂಡಿಸಿಟ್ಟುಕೊಂಡು ನನ್ನ ಹತ್ತಿರ ತಂದಿದ್ದನೋ.

ಆಗ ಪೋಕ್ಸೊ ಇರಲಿಲ್ಲ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಈ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು. ಇದು ಹದಿನೆಂಟು ತುಂಬದ ಗಂಡು ಹೆಣ್ಣು ಎಲ್ಲ ಮಕ್ಕಳಿಗೂ ಸೇರಿದ್ದು. ನಮ್ಮ ಪ್ರಶ್ನೆಗೆ ಉತ್ತರ ಈ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿದೆ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ಗೊತ್ತಾದ ಯಾರೇ ಆಗಲಿ, ನಡೆಯಬಹುದು ಎಂಬ ಆತಂಕವಿದ್ದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. ಸಿಸ್ಟರ್, ವಾರ್ಡನ್, ಅಡುಗೆಯವಳು, ಡಾಕ್ಟರ್, ಬಿಷಪ್ ಎಲ್ಲರೂ ಆ "ಯಾರೇ ಆಗಲಿ" ಎಂಬುದರಲ್ಲಿ ಬರುತ್ತಾರೆ. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ತನ್ನ ಕೈಕೆಳಗಿನವನು ಮಾಡಿದ ತಪ್ಪನ್ನು ಸಂಸ್ಥೆಯ ಮುಖ್ಯಸ್ಥನೇ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ಜೊತೆಗೆ ದಂಡ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾರೂ ಕೇಸು ಹಾಕುವಂತಿಲ್ಲ. ಪಾಪನಿವೇದನೆಯ ಗುಟ್ಟಿಗಾದರೂ ವಿನಾಯಿತಿ ಇದೆಯೇ ಎಂದು ಕೆಲವರು ಕೇಳುತ್ತಾರೆ. ಈ ಸೆಕ್ಷನ್ನಿನಲ್ಲಿ ಅಂಥ ವಿನಾಯಿತಿ ಬರೆದಿಲ್ಲ. ವಕೀಲ ಮತ್ತು ಕಕ್ಷಿದಾರನ ಮಾತಿಗೆ ನಮ್ಮ ಸಾಕ್ಷ್ಯ ಕಾನೂನು ಕೊಟ್ಟಿರುವ ರಕ್ಷಣೆ ಪಾದ್ರಿಗೆ ಇಲ್ಲ.

ಇದೆಲ್ಲ ಕಾಗದದ ಮಾತು ಎನ್ನುವವರಿಗೆ ನಾನು ಕೊಟ್ಟಿಯೂರಿನ ಕಥೆ ಹೇಳುತ್ತೇನೆ. ಅದು ಕೊಡಗಿನ ಆ ಬದಿಗೆ, ಕೇರಳದ ಕಣ್ಣೂರು ಜಿಲ್ಲೆಯಲ್ಲಿರುವ ಊರು. ಅಲ್ಲಿನ ಚರ್ಚಿನ ವಿಚಾರಣಾ ಗುರು ರಾಬಿನ್ ವಡಕ್ಕುಂಚೇರಿ ಚರ್ಚಿನ ಶಾಲೆಗೂ ಮ್ಯಾನೇಜರ್. 2017ರಲ್ಲಿ ಅದೇ ಚರ್ಚಿಗೆ ಸೇರಿದ, ಹದಿನೆಂಟು ತುಂಬದ ಹುಡುಗಿ ಮಗುವನ್ನು ಹೆತ್ತಳು. ಹಸುಗೂಸನ್ನು ವಯನಾಡಿನ ಅನಾಥಾಲಯಕ್ಕೆ ಸಾಗಿಸಲಾಯಿತು. ಮೊದಲಿಗೆ ಹುಡುಗಿಯ ಬಾಯಿಂದ ಬಂದದ್ದು ತನ್ನ ಸ್ವಂತ ತಂದೆಯ ಹೆಸರು. ಪಾದ್ರಿಯನ್ನು ಉಳಿಸಲು ಒಬ್ಬ ಬಡ ತಂದೆ ಆ ಕಳಂಕವನ್ನು ತಾನೇ ಹೊರಲು ಒಪ್ಪಿದ್ದ. ಈ ಸಾಲು ಬರೆಯುವಾಗ ಇವತ್ತಿಗೂ ನನ್ನ ಕೈ ನಿಲ್ಲುತ್ತದೆ. ಮಕ್ಕಳ ಸಹಾಯವಾಣಿ ಚೈಲ್ಡ್‌ಲೈನ್‌ಗೆ ಯಾರೋ ಹೆಸರು ಹೇಳದೆ ಸುದ್ದಿ ಮುಟ್ಟಿಸಿದ ಮೇಲೆ ನಿಜ ಹೊರಬಂತು. ಕೆನಡಾಕ್ಕೆ ಹೊರಟಿದ್ದ ಪಾದ್ರಿಯನ್ನು ಆ ಫೆಬ್ರವರಿ ಕೊನೆಯಲ್ಲಿ ಪೊಲೀಸರು ಹಿಡಿದರು.

ವಿಚಾರಣೆಯಲ್ಲಿ ಹುಡುಗಿಯೂ ಅವಳ ತಂದೆತಾಯಿಯೂ ತಿರುಗಿಬಿದ್ದರು. ಹಾಗಿದ್ದರೂ ಡಿಎನ್‌ಎ ವರದಿ ಮತ್ತು ಜನನದ ದಾಖಲೆಯ ಬಲದ ಮೇಲೆ ತಲಶ್ಶೇರಿಯ ಪೋಕ್ಸೊ ನ್ಯಾಯಾಲಯ 2019ರ ಫೆಬ್ರವರಿಯಲ್ಲಿ ಅವನಿಗೆ ಇಪ್ಪತ್ತು ವರ್ಷ ಶಿಕ್ಷೆ ಕೊಟ್ಟಿತು. ಹೈಕೋರ್ಟ್ 2021ರಲ್ಲಿ ಅದನ್ನು ಹತ್ತಕ್ಕೆ ಇಳಿಸಿತು. ಪೋಪ್ ಅವನ ಗುರುದೀಕ್ಷೆಯನ್ನೇ ಕಿತ್ತುಕೊಂಡರು. ಮುಚ್ಚಿಟ್ಟ ಆರೋಪ ಹೊತ್ತಿದ್ದ ಆರು ಜನ, ಅವರಲ್ಲಿ ಸಿಸ್ಟರ್‌ಗಳೂ ಇನ್ನೊಬ್ಬ ಪಾದ್ರಿಯೂ ಇದ್ದರು, ಖುಲಾಸೆಯಾದರು. ಹೆರಿಗೆಯಾದ ಆಸ್ಪತ್ರೆಯ ಡಾಕ್ಟರ್‌ಗಳನ್ನು ಸುಪ್ರೀಂ ಕೋರ್ಟ್ 2018ರಲ್ಲೇ ಕೇಸಿನಿಂದ ಬಿಟ್ಟಿತ್ತು. ಹುಡುಗಿಗೆ ಹದಿನೆಂಟು ತುಂಬಿಲ್ಲ ಎಂಬುದು ಅವರಿಗೆ ಗೊತ್ತಿತ್ತು ಎನ್ನಲು ಆಧಾರವಿಲ್ಲ ಎಂದು ಅದು ಹೇಳಿತು. ಮಾಡಿದವನನ್ನು ಹಿಡಿಯುವುದಕ್ಕಿಂತ ಸುಮ್ಮನಿದ್ದವರನ್ನು ಹಿಡಿಯುವುದು ಎಷ್ಟು ಕಷ್ಟ ಎಂಬುದು ಇಲ್ಲಿ ಕಾಣುತ್ತದೆ. ಗೊತ್ತಿತ್ತು ಎಂದು ತೋರಿಸಬೇಕಾದರೆ ಅದಕ್ಕೊಂದು ಗುರುತು ಬೇಕು. ಅದಕ್ಕೇ ನಾನು ಕೇಳಿದವರಿಗೆಲ್ಲ ಹೇಳುತ್ತೇನೆ: ವಾರ್ಡನ್‌ಗೋ ಹೆಡ್‌ಮಾಸ್ಟರ್‌ಗೋ ಏನಾದರೂ ಹೇಳಿದಿರಾದರೆ ಅದನ್ನು ಬರೆದು ಕೊಡಿ, ತಾರೀಖು ಹಾಕಿ, ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ.

ಆಮೇಲೆ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಮಾತಾಡಿತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ರಾಜುರಾದಲ್ಲಿ ಹಾಸ್ಟೆಲ್‌ನ ಆದಿವಾಸಿ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯ ಗೊತ್ತಿದ್ದೂ ತಿಳಿಸಲಿಲ್ಲ ಎಂದು ಡಾಕ್ಟರ್ ಒಬ್ಬರ ಮೇಲೆ ಕೇಸಾಗಿತ್ತು. ಬಾಂಬೆ ಹೈಕೋರ್ಟ್ ಅದನ್ನು ರದ್ದು ಮಾಡಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕೇಸಿಗೆ ಮತ್ತೆ ಜೀವ ಕೊಟ್ಟಿತು. ಗೊತ್ತಿದ್ದೂ ಸುಮ್ಮನಿರುವುದು ಗಂಭೀರ ಅಪರಾಧ, ಬಹಳ ಸಲ ಅದು ಮಾಡಿದವನನ್ನು ಕಾಪಾಡುವ ಪ್ರಯತ್ನವೇ ಆಗಿರುತ್ತದೆ ಎಂದಿತು.

ಹಾಗಾದರೆ ಬಿಷಪ್ಪರ ಹತ್ತಿರ ಹೋಗಲೇಬಾರದೇ? ಹೋಗಿ, ಆದರೆ ಎರಡನೆಯದಾಗಿ ಹೋಗಿ. ಮುಂಬೈಯ ಶಿವಾಜಿ ನಗರದಲ್ಲಿ 2015ರಲ್ಲಿ ಹದಿಮೂರು ವರ್ಷದ ಹುಡುಗನ ಮೇಲೆ ಪಾದ್ರಿಯೊಬ್ಬ ಅತ್ಯಾಚಾರ ಎಸಗಿದಾಗ ಆ ಮನೆಯವರು ಮೊದಲು ಹೋದದ್ದು ಕಾರ್ಡಿನಲ್ ಹತ್ತಿರ. ಕಾರ್ಡಿನಲ್ ಆ ದಿನ ರೋಮಿಗೆ ಹೊರಟಿದ್ದರು. ಆಮೇಲೆ ಮನೆಯವರೇ ಪೊಲೀಸರ ಬಳಿ ಹೋದರು. ಆ ಪಾದ್ರಿಗೆ 2021ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ಕೊಟ್ಟಿತು. ಊಟಿ ಧರ್ಮಪ್ರಾಂತ್ಯದ ಪಾದ್ರಿ ಜೋಸೆಫ್ ಪಳನಿವೇಲ್ ಜೆಯಪಾಲ್ ಅಮೆರಿಕದ ಮಿನೆಸೋಟದಲ್ಲಿ ಹದಿಹರೆಯದ ಹುಡುಗಿಯ ಮೇಲೆ ಮಾಡಿದ ದೌರ್ಜನ್ಯವನ್ನು 2015ರಲ್ಲಿ ಅಲ್ಲಿನ ಕೋರ್ಟಿನಲ್ಲಿ ತಾನೇ ಒಪ್ಪಿಕೊಂಡಿದ್ದ. 2016ರಲ್ಲಿ ಊಟಿಯಲ್ಲಿ ಅವನ ಮೇಲಿದ್ದ ಅಮಾನತನ್ನು ತೆಗೆದುಹಾಕಲಾಯಿತು. ಚರ್ಚಿನ ಒಳಗಿನ ವಿಚಾರಣೆ ಚರ್ಚಿನ ದೃಷ್ಟಿಯಿಂದ ನಡೆಯುತ್ತದೆ. ಅದು ಕೊಡಬಹುದಾದ ದೊಡ್ಡ ಶಿಕ್ಷೆ ಎಂದರೆ ಪಾದ್ರಿಯ ನಿಲುವಂಗಿ ಬಿಚ್ಚಿಸುವುದು. ಜೈಲಿಗೆ ಕಳಿಸುವ ಅಧಿಕಾರ ಅದಕ್ಕಿಲ್ಲ. ಕೆಟ್ಟ ಕಾಲದಲ್ಲಂತೂ ಅದಕ್ಕೆ ಗೊತ್ತಿದ್ದ ಮದ್ದು ವರ್ಗಾವಣೆ ಒಂದೇ. ಬಾಸ್ಟನ್ನಿನಲ್ಲಿ ಹಾಗೆ ಊರಿಂದೂರಿಗೆ ಪಾದ್ರಿಗಳನ್ನು ಸಾಗಹಾಕಿದ ಸಂಗತಿಯನ್ನು ಅಲ್ಲಿನ ಪತ್ರಿಕೆ 2002ರ ಜನವರಿಯಲ್ಲಿ ಬಯಲಿಗೆಳೆಯಿತು. ಆ ವರ್ಷ ಮುಗಿಯುವುದರೊಳಗೆ ಅಲ್ಲಿನ ಆರ್ಚ್‌ಬಿಷಪ್ ಕಾರ್ಡಿನಲ್ ಬರ್ನಾರ್ಡ್ ಲಾ ಕುರ್ಚಿ ಬಿಡಬೇಕಾಯಿತು.

ಚರ್ಚೂ ಬದಲಾಗುತ್ತಿದೆ, ಅದನ್ನೂ ಹೇಳಬೇಕು. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ 'ವೋಸ್ ಎಸ್ಟಿಸ್ ಲಕ್ಸ್ ಮುಂಡಿ' ಎಂಬ ಆದೇಶ 2023ರಲ್ಲಿ ಕಾಯಂ ಆಯಿತು. ದೌರ್ಜನ್ಯದ ಸುದ್ದಿ ಕಿವಿಗೆ ಬಿದ್ದರೆ ಪಾದ್ರಿಗಳೂ ಸಿಸ್ಟರ್‌ಗಳೂ ಅದನ್ನು ಮೇಲಿನವರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಬಿಷಪ್ ಮೇಲೂ ವಿಚಾರಣೆ ನಡೆಯುತ್ತದೆ. ನಮ್ಮ ಕರ್ನೂಲು ಧರ್ಮಪ್ರಾಂತ್ಯ ಹೈದರಾಬಾದ್ ಮಹಾಧರ್ಮಪ್ರಾಂತ್ಯದ ಕೆಳಗೆ ಬರುವುದರಿಂದ ಬಿಷಪ್ ಮೇಲಿನ ದೂರು ಅಲ್ಲಿನ ಆರ್ಚ್‌ಬಿಷಪ್ಪರಿಗೆ ಹೋಗಬೇಕು. ದೇಶದ ಕಾನೂನು ಪೊಲೀಸರಿಗೆ ತಿಳಿಸು ಎಂದರೆ ಅದನ್ನು ತಪ್ಪಿಸುವಂತಿಲ್ಲ ಎಂದೂ ಆ ಆದೇಶದಲ್ಲೇ ಇದೆ. ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಸೇರಿರುವ ಆಂಗ್ಲಿಕನ್ ಬಳಗದಲ್ಲಿ ಇನ್ನೂ ದೊಡ್ಡ ತಲೆಯೇ ಉರುಳಿತು. ಕ್ರೈಸ್ತ ಹುಡುಗರ ಬೇಸಿಗೆ ಶಿಬಿರಗಳನ್ನು ನಡೆಸುತ್ತಿದ್ದ ಜಾನ್ ಸ್ಮೈತ್ ಎಂಬ ವಕೀಲನ ಕ್ರೌರ್ಯ 2013ರಲ್ಲೇ ಗೊತ್ತಾಗಿದ್ದರೂ ಸರಿಯಾಗಿ ಬೆನ್ನುಹತ್ತಲಿಲ್ಲ ಎಂಬ ಕಾರಣಕ್ಕೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್‌ನಲ್ಲಿ ರಾಜೀನಾಮೆ ಪ್ರಕಟಿಸಿದರು.

ಆದರೆ ನಮ್ಮ ಕಡೆ ಎಷ್ಟೋ ಸಭೆಗಳಿಗೆ ಬಿಷಪ್ಪೂ ಇಲ್ಲ, ರೋಮೂ ಇಲ್ಲ. ತಗಡಿನ ಶೆಡ್ಡು, ಒಂದು ಮೈಕು, ನಲವತ್ತು ಮನೆ. ಸಭಾಪಾಲಕನೇ ಮಾಲೀಕ, ಅವನೇ ಖಜಾಂಚಿ. ಅವರಲ್ಲಿ ಹೆಚ್ಚಿನವರು ಬಡತನದಲ್ಲೇ ಬದುಕುತ್ತ, ರೋಗಿಯ ಪಕ್ಕ ರಾತ್ರಿಯೆಲ್ಲ ಕೂತು ಪ್ರಾರ್ಥನೆ ಮಾಡುವ ಒಳ್ಳೆಯ ಜನ. ಅವರಲ್ಲೊಬ್ಬ ತಪ್ಪಿದರೆ ಕೇಳುವ ಮೇಲಿನವರು ಇಲ್ಲ. ಆಗ ಸಭೆಯ ಹಿರಿಯರು ಕೂತು ಪಂಚಾಯ್ತಿ ಮಾಡುತ್ತಾರೆ. ಇಷ್ಟು ದುಡ್ಡು ಕೊಡು, ಊರು ಬಿಟ್ಟು ಹೋಗು ಎಂದು ತೀರ್ಮಾನ. ಅವನು ಹೋಗಿ ಬೇರೆ ಊರಿನಲ್ಲಿ ಬೇರೆ ಶೆಡ್ಡು ಹಾಕುತ್ತಾನೆ. ಪೋಕ್ಸೊ ಕೇಸನ್ನು ಪಂಚಾಯ್ತಿಯಲ್ಲಿ ಮುಗಿಸುವ ಅಧಿಕಾರ ಯಾರಿಗೂ ಇಲ್ಲ. ಹಾಗೆ ಕೂತ ಹಿರಿಯರಿಗೆ ವಿಷಯ ಗೊತ್ತಿತ್ತು ಎಂಬುದಕ್ಕೆ ಆ ಪಂಚಾಯ್ತಿಯೇ ಸಾಕ್ಷಿ.

ಪೊಲೀಸ್ ಸ್ಟೇಷನ್ ಎಂದ ಕೂಡಲೇ ನಮ್ಮ ಹೆಣ್ಣುಮಕ್ಕಳು ಹಿಂಜರಿಯುವುದು ಎರಡು ಕಾರಣಕ್ಕೆ. ಒಂದು ಖಾಕಿ, ಇನ್ನೊಂದು ತೆಲುಗು. ಎರಡಕ್ಕೂ ಕಾಯ್ದೆಯಲ್ಲಿ ದಾರಿ ಇದೆ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟು ಮಹಿಳಾ ಎಸ್‌ಐ ಬರಬೇಕು, ಯೂನಿಫಾರ್ಮ್ ಹಾಕಿರಬಾರದು. ಮಗುವನ್ನು ರಾತ್ರಿ ಸ್ಟೇಷನ್ನಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಮಗು ನಂಬುವ ದೊಡ್ಡವರು ಪಕ್ಕದಲ್ಲಿ ಕೂರಬಹುದು. ಭಾಷೆಯ ಮಾತಂತೂ ಗಡಿಯವರಾದ ನಮಗಾಗಿಯೇ ಬರೆದಂತಿದೆ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದೂರು ಬರೆಯುತ್ತಿದ್ದರೆ ಭಾಷಾಂತರ ಮಾಡುವವರನ್ನು ಕೊಡಲೇಬೇಕು. ಕನ್ನಡ ಮೀಡಿಯಂ ಹುಡುಗ ಕನ್ನಡದಲ್ಲೇ ಹೇಳಲಿ. "ಮೈ ಮುಟ್ಟಿದ್ರು" ಎನ್ನುವ ಮಾತಿಗೂ "ಹೊಡೆದ್ರು" ಎನ್ನುವ ಮಾತಿಗೂ ಎಷ್ಟು ಅಂತರ! ಬರೆದುಕೊಳ್ಳುವಾಗ ಭಾಷೆ ಬದಲಾದರೆ ಕೇಸೇ ಬದಲಾಗಿಬಿಡುತ್ತದೆ. ಬರೆದದ್ದನ್ನು ಓದಿ ಹೇಳಿಸಿಕೊಂಡೇ ಸಹಿ ಹಾಕಿ. ಮಗುವಿನ ಹೆಸರು, ಊರು, ಶಾಲೆ ಯಾವುದನ್ನೂ ಪತ್ರಿಕೆಯವರು ಬರೆಯುವಂತಿಲ್ಲ, ನಾನೂ ಬರೆಯುವಂತಿಲ್ಲ.

ಮಗು ಬಳ್ಳಾರಿ ಕಡೆಯ ಹಾಸ್ಟೆಲ್‌ನಲ್ಲಿದ್ದು ನೀವು ಆದೋನಿಯಲ್ಲಿದ್ದರೆ? ಅಥವಾ ಗುಂಟೂರಿನ ಹೊಲದಲ್ಲಿದ್ದರೆ? ಇದ್ದ ಜಾಗದ ಸ್ಟೇಷನ್ನಿನಲ್ಲೇ ದೂರು ಕೊಡಬಹುದು. ಜೀರೊ ಎಫ್‌ಐಆರ್ ಎನ್ನುತ್ತಾರೆ. ನಮ್ಮ ಸರಹದ್ದಲ್ಲ ಎಂದು ಯಾರೂ ವಾಪಸ್ ಕಳಿಸುವಂತಿಲ್ಲ. ಚಿತ್ರದುರ್ಗದ ಮುರುಘಾ ಮಠದ ಶಿವಮೂರ್ತಿ ಶರಣರ ಮೇಲಿನ ಪ್ರಕರಣ ಶುರುವಾದದ್ದು ಹೀಗೆಯೇ. 2022ರ ಆಗಸ್ಟ್‌ನಲ್ಲಿ ಮಠದ ಹಾಸ್ಟೆಲ್‌ನ ಹುಡುಗಿಯರು ಮೈಸೂರಿನ ಒಡನಾಡಿ ಸಂಸ್ಥೆಗೆ ಬಂದು ಹೇಳಿಕೊಂಡರು. ದೂರು ಮೈಸೂರಿನಲ್ಲಿ ದಾಖಲಾಗಿ ಚಿತ್ರದುರ್ಗಕ್ಕೆ ಹೋಯಿತು. ಸೆಪ್ಟೆಂಬರ್ 1ರ ರಾತ್ರಿ ಶರಣರ ಬಂಧನವಾಯಿತು. ವಿಚಾರಣೆ ನಡೆಸಿದ ಚಿತ್ರದುರ್ಗದ ನ್ಯಾಯಾಲಯ 2025ರ ನವೆಂಬರ್‌ನಲ್ಲಿ ಅವರನ್ನು ಖುಲಾಸೆ ಮಾಡಿತು. ಎರಡನ್ನೂ ಒಟ್ಟಿಗೆ ನೆನಪಿಡಬೇಕು ಎಂದೇ ಇದನ್ನು ಹೇಳುತ್ತಿದ್ದೇನೆ. ದೂರು ಕೊಟ್ಟ ಮಾತ್ರಕ್ಕೆ ತಪ್ಪು ಸಾಬೀತಾಗುವುದಿಲ್ಲ. ತೂಗಿ ನೋಡುವುದು ಕೋರ್ಟಿನ ಕೆಲಸ. ಮಗುವಿನ ಮಾತನ್ನು ಅಲ್ಲಿಯ ತನಕ ತಲುಪಿಸುವುದು ಮಾತ್ರ ನಮ್ಮದು. ಬೇಕೆಂದೇ ಸುಳ್ಳು ದೂರು ಕೊಡುವ ದೊಡ್ಡವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆಯೂ ಇದೆ, ಮಗುವಿಗಿಲ್ಲ. ಇನ್ನು, ಚರ್ಚನ್ನೇ ಯಾಕೆ ಹಿಡಿದಿರಿ ಎಂದು ಕೇಳುವವರಿಗೆ: ಕಾಯ್ದೆ ಹೇಳುವುದು "ಧಾರ್ಮಿಕ ಸಂಸ್ಥೆ" ಎಂದು. ಅಂಥ ಸಂಸ್ಥೆಯ ಆಡಳಿತದವನೋ ಸಿಬ್ಬಂದಿಯೋ ಅಲ್ಲಿನ ಮಗುವಿನ ಮೇಲೆ ಅತ್ಯಾಚಾರ ಎಸಗಿದರೆ ಅದು ಹೆಚ್ಚು ಗಂಭೀರ ಅಪರಾಧ. 2019ರ ತಿದ್ದುಪಡಿಯ ನಂತರ ಕನಿಷ್ಠ ಇಪ್ಪತ್ತು ವರ್ಷ ಜೈಲು. ಚರ್ಚು, ಮಠ, ಮದರಸಾ ಎಲ್ಲಕ್ಕೂ ಅದೇ ಸಾಲು.

ಇಷ್ಟನ್ನೂ ನಾನು ಆ ದಿನ ಆಕೆಗೆ ಹೇಳಲಿಲ್ಲ. ಹೇಳಿದ್ದು ಇಷ್ಟೇ: ಮೊದಲು ಪೊಲೀಸು, ಇಲ್ಲವಾದರೆ ಮಕ್ಕಳ ಸಹಾಯವಾಣಿ 1098. ಆ ನಂಬರಿಗೆ ದುಡ್ಡು ಬೀಳುವುದಿಲ್ಲ, ಮಗುವೇ ಮಾಡಬಹುದು, ರಾತ್ರಿಯೂ ಎತ್ತುತ್ತಾರೆ. ಅಯ್ಯಗಾರಿಗೆ ಆಮೇಲೆ ಹೇಳು. ಅವರು ಒಳ್ಳೆಯವರಾದರೆ ನಿನ್ನ ಜೊತೆ ಸ್ಟೇಷನ್ನಿಗೆ ಬರುತ್ತಾರೆ.

ಆಕೆ ಪೆಟ್ಟಿಗೆ ತೆಗೆದು, ಮುಚ್ಚಳದ ಒಳಗೆ ನಂಬರ್ ಬರೆದುಕೊಡಿ ಸಾರ್ ಎಂದಳು. ಬಟ್ಟೆಯ ಮೇಲೆ ಒಂದು ಕೊಬ್ಬರಿ ಎಣ್ಣೆ ಬಾಟಲಿ, ಕಡಲೆಬೀಜದ ಉಂಡೆಯ ಡಬ್ಬಿ, ಹೊಸ ನೋಟ್‌ಬುಕ್ಕು ಎರಡು. ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ಬರೆದೆ. ಹುಡುಗ ಬಗ್ಗಿ ಓದಿದ. ಮೂವತ್ತು ವರ್ಷದ ಹಿಂದೆ ಕೇಳದೆ ಬಿಟ್ಟದ್ದನ್ನು ಆಮೇಲೆ ಅವನನ್ನು ಕೇಳಿದೆ. ರಾತ್ರಿ ಎಲ್ಲಿ ಮಲಗ್ತೀಯಪ್ಪ? ಪಕ್ಕದಾಗ ಯಾರು? ಲೈಟ್ ಯಾರು ತೆಗಿತಾರ? ಆಮ್ಯಾಲೆ ಒಳಗ ಯಾರಾರ ಬರ್ತಾರೇನು?

ಅವನು ಅವ್ವನ ಮುಖ ನೋಡಿದ. ಆಕೆ ಸೆರಗು ಸರಿಮಾಡಿಕೊಂಡು, "ಹೇಳಪ್ಪ, ಸಾರ್ ಕೇಳಾಕತ್ತಾರ" ಎಂದಳು. ಹುಡುಗ ಬೆರಳು ಮಡಚಿ ಎಣಿಸುತ್ತ, ಹಾಲಿನಲ್ಲಿ ಮಲಗುವ ಹುಡುಗರ ಹೆಸರು ಒಂದೊಂದಾಗಿ ಹೇಳತೊಡಗಿದ. ನಾನು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡೆ.